ಮಣ್ಣಿನ ತಂಬಾಕು ಪೈಪು: ದೋಷವನ್ನು ಗುರುತಿಸುವ ಮತ್ತು ನಿವಾರಿಸುವ ಕ್ರಮ

ಬಿಳಿ ಜೇಡಿಮಣ್ಣಿನ ತಂಬಾಕು ಪೈಪನ್ನು ಹೊಸದಾಗಿ ಬಳಸತೊಡಗಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತವೆ. ಬಟ್ಟಲು ಮುಟ್ಟಲಾಗದಷ್ಟು ಕಾಯುತ್ತದೆ, ಹೊಗೆ ಸರಾಗವಾಗಿ ಬರುವುದಿಲ್ಲ, ಕೊಳವೆಯೊಳಗೆ ನೀರಿನ ಸದ್ದಾಗುತ್ತದೆ, ತುದಿ ತುಟಿಗೆ ಅಂಟಿಕೊಳ್ಳುತ್ತದೆ, ಕಡೆಗೊಂದು ದಿನ ಬಟ್ಟಲಿನ ಅಂಚಿನಿಂದ ಬಿರುಕೊಂದು ಇಳಿಯುತ್ತದೆ. ಹಳೆಯ ಪೈಪುಗಳನ್ನು ಕೂಡಿಹಾಕುವವರ ಸಮಸ್ಯೆಗಳು ಬೇರೆ: ಮೈಮೇಲೆ ಬಿಳಿ ಪುಡಿ ಏಳುತ್ತದೆ, ಪದರ ಉದುರುತ್ತದೆ, ಕಾಲಮಾನ ಹೊಂದುವುದಿಲ್ಲ, ಅಂಟಿಸಿದ ಕೊಳವೆ ಬಾಗಿಬಿಡುತ್ತದೆ. ಈ ಕೈಪಿಡಿ ಇವೆರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ, ಏಕೆಂದರೆ ಇವುಗಳಲ್ಲಿ ಬಹುಪಾಲು ದೋಷಗಳ ಬೇರು ಒಂದೇ, ಅದು ನೀರು. ತಂಬಾಕಿನಲ್ಲಿ ಉಳಿದ ತೇವ, ಮಣ್ಣಿನ ಗೋಡೆ ಹೀರಿಕೊಂಡ ತೇವ, ಕೊಳವೆಯಲ್ಲಿ ತಣಿದು ಹನಿಯಾದ ಆವಿ, ನೂರಾರು ವರ್ಷ ನೆಲದಲ್ಲಿದ್ದಾಗ ನೀರಿನೊಂದಿಗೆ ಒಳಸೇರಿದ ಉಪ್ಪು, ಇವುಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತರೆ ಯಾವುದು ಪೈಪಿನ ದೋಷ, ಯಾವುದು ಬಳಕೆಯ ದೋಷ ಎಂಬುದು ತಾನಾಗಿ ತಿಳಿಯುತ್ತದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ತಂಬಾಕಿನ ಹೊಗೆ ಯಾವ ಪೈಪಿನಿಂದ ಬಂದರೂ ದೇಹಕ್ಕೆ ಹಾನಿಕರವೇ. ಮಣ್ಣು ಅದನ್ನು ಸೋಸಿ ನಿರಪಾಯ ಮಾಡುವುದಿಲ್ಲ. ಪೈಪುಗಳನ್ನು ಸೇದದೆ ಕೇವಲ ಸಂಗ್ರಹಿಸುವವರು ಬಹಳ ಮಂದಿ ಇದ್ದಾರೆ, ಅವರಿಗೆ ಈ ಬರಹದ ಉತ್ತರಾರ್ಧ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪೈಪಿನ ರಚನೆ

ತಯಾರಿಕೆಯ ಕ್ರಮ ಗೊತ್ತಿಲ್ಲದೆ ದೋಷದ ಜಾಗ ಹುಡುಕಲಾಗದು. ಇಂಗ್ಲೆಂಡಿನಲ್ಲಿ 16ನೇ ಶತಮಾನದ ಕೊನೆಯಿಂದ, ನೆದರ್ಲೆಂಡ್ಸಿನ ಗೌಡಾ ಪಟ್ಟಣದಲ್ಲಿ 17ನೇ ಶತಮಾನದ ಆರಂಭದಿಂದ ನಡೆದುಬಂದ ಪದ್ಧತಿಯಲ್ಲಿ, ಕಬ್ಬಿಣದಂಶ ಬಹಳ ಕಡಿಮೆಯಿರುವ ಜಿಗುಟು ಜೇಡಿಮಣ್ಣನ್ನು ಕೈಯಲ್ಲಿ ಉದ್ದಕ್ಕೆ ಹೊಸೆದು, ಒಂದು ತುದಿಯಲ್ಲಿ ಬಟ್ಟಲಿಗೆಂದು ಉಂಡೆ ಬಿಟ್ಟು, ಕೊಳವೆಯ ಉದ್ದಕ್ಕೂ ಎಣ್ಣೆ ಹಚ್ಚಿದ ತಂತಿಯನ್ನು ಚುಚ್ಚಿ, ಎಡ ಬಲ ಎರಡು ಭಾಗಗಳ ಲೋಹದ ಅಚ್ಚಿನಲ್ಲಿಟ್ಟು ಅದುಮುತ್ತಿದ್ದರು. ಮೇಲಿನಿಂದ ಒಂದು ಗೂಟ ಇಳಿದು ಬಟ್ಟಲಿನ ಗುಂಡಿಯನ್ನು ಮಾಡುತ್ತಿತ್ತು. ಆಮೇಲೆ ತಂತಿಯನ್ನು ಇನ್ನಷ್ಟು ತಳ್ಳಿ ಗುಂಡಿಯ ತಳಕ್ಕೆ ದಾರಿ ತೆರೆಯುತ್ತಿದ್ದರು. ಒಣಗಿದ ಮೇಲೆ ಗೂಡಿನಲ್ಲಿ ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಿದ್ದರು. ಈ ಶಾಖದಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಆದರೆ ಅದರ ಸೂಕ್ಷ್ಮ ರಂಧ್ರಗಳು ಮುಚ್ಚುವುದಿಲ್ಲ. ಮಣ್ಣಿನ ಪೈಪಿನ ಗುಣವೂ ದೋಷವೂ ಇರುವುದು ಇಲ್ಲಿಯೇ: ಅದು ತೇವವನ್ನು ಹೀರುತ್ತದೆ, ಹೀರಿದ್ದನ್ನು ಬಿಟ್ಟುಕೊಡಲು ಹೊತ್ತು ತೆಗೆದುಕೊಳ್ಳುತ್ತದೆ.

ಈ ಕ್ರಮದ ಒಂದೊಂದು ಹಂತವೂ ತನ್ನದೇ ಆದ ದೋಷವನ್ನು ಬಿಟ್ಟುಹೋಗಬಹುದು. ತಂತಿ ನಡುವಿನಿಂದ ಸರಿದಿದ್ದರೆ ಕೊಳವೆಯ ಒಂದು ಬದಿ ತೆಳುವಾಗುತ್ತದೆ. ಕೊನೆಯಲ್ಲಿ ತಂತಿಯನ್ನು ಸಾಕಷ್ಟು ತಳ್ಳದಿದ್ದರೆ ಬಟ್ಟಲಿನ ತಳದಲ್ಲಿ ಮಣ್ಣಿನ ತೆಳು ಪೊರೆ ಉಳಿದು ದಾರಿ ಕಿರಿದಾಗುತ್ತದೆ. ಗೂಟ ಓರೆಯಾಗಿ ಇಳಿದಿದ್ದರೆ ಬಟ್ಟಲಿನ ಒಂದು ಗೋಡೆ ದಪ್ಪ, ಇನ್ನೊಂದು ತೆಳು.

ಬೆಂಕಿ ತಾಗಿಸುವ ಮೊದಲು ಮಾಡಬೇಕಾದ ತಪಾಸಣೆ

ಪೈಪು ಖಾಲಿಯಾಗಿ, ತಣ್ಣಗೆ, ಪೂರ್ತಿ ಒಣಗಿರುವಾಗ ಪರೀಕ್ಷೆ ಆರಂಭಿಸಬೇಕು. ಸೇದುತ್ತಿರುವಾಗ ಕಂಡ ದೋಷವನ್ನು ಆಗಲೇ ಸರಿಪಡಿಸಲು ಹೊರಡುವುದರಿಂದ ಕಾರಣಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಮೊದಲನೆಯದು ಸದ್ದಿನ ಪರೀಕ್ಷೆ. ಕೊಳವೆಯನ್ನು ಎರಡು ಬೆರಳುಗಳ ನಡುವೆ ಸಡಿಲವಾಗಿ ಹಿಡಿದು, ಬಟ್ಟಲಿನ ಪಕ್ಕವನ್ನು ಉಗುರಿನಿಂದ ಮೆಲ್ಲಗೆ ತಟ್ಟಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನೋಡುವುದೂ ಇದೇ ಕಾರಣಕ್ಕೆ: ಗಟ್ಟಿ ಪಾತ್ರೆ ಟಿಣ್ ಎನ್ನುತ್ತದೆ, ಒಡಕಿರುವುದು ಮೊದ್ದಾಗಿ ಸದ್ದು ಮಾಡುತ್ತದೆ. ಪೈಪು ಚಿಕ್ಕದಾದ್ದರಿಂದ ಸದ್ದೂ ಚಿಕ್ಕದು, ಕಿವಿಯ ಹತ್ತಿರ ಹಿಡಿದು ಕೇಳಬೇಕು. ಒಳಗೆ ಟಾರ್, ಅಂದರೆ ಹೊಗೆ ಬಿಟ್ಟುಹೋಗುವ ಕಂದು ಜಿಗುಟು, ತುಂಬಿದ ಪೈಪೂ ಮೊದ್ದು ಸದ್ದನ್ನೇ ಕೊಡುವುದರಿಂದ ಸದ್ದೊಂದನ್ನೇ ನಂಬಿ ಬಿರುಕೆಂದು ತೀರ್ಮಾನಿಸಬಾರದು.

ಎರಡನೆಯದು ಬೆಳಕಿನ ಪರೀಕ್ಷೆ. ಸಣ್ಣ ಟಾರ್ಚಿನ ಬೆಳಕನ್ನು ಬಟ್ಟಲಿನೊಳಗೆ ಬಿಟ್ಟು ತಳದಲ್ಲಿ ರಂಧ್ರ ಎಲ್ಲಿ ತೆರೆಯುತ್ತದೆ, ಅದು ದುಂಡಾಗಿದೆಯೇ, ಅರ್ಧ ಮುಚ್ಚಿದೆಯೇ ಎಂದು ನೋಡಬೇಕು. ಆಮೇಲೆ ಬಾಯಿತುದಿಯನ್ನು ಎದುರಿಗೆ ಹಿಡಿದು ರಂಧ್ರ ನಟ್ಟನಡುವೆ ಇದೆಯೇ ಎಂದು ಗಮನಿಸಬೇಕು. ಒಂದು ಬದಿಗೆ ಸರಿದಿದ್ದರೆ ಆ ಬದಿಯೇ ಮುಂದೆ ಮುರಿಯುವ ಬದಿ.

ಮೂರನೆಯದು ಉಸಿರಿನ ಪರೀಕ್ಷೆ. ಖಾಲಿ ಪೈಪಿನಿಂದ ಮೆಲ್ಲಗೆ ಗಾಳಿ ಎಳೆದಾಗ ಅಡೆತಡೆ ಎಷ್ಟಿದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಬಳಿಕ ತಂಬಾಕು ತುಂಬಿ, ಬೆಂಕಿ ತಾಗಿಸದೆ ಇನ್ನೊಮ್ಮೆ ಎಳೆಯಬೇಕು. ಎರಡರ ನಡುವಿನ ವ್ಯತ್ಯಾಸ ತುಂಬಿದ ರೀತಿಯಿಂದ ಬಂದದ್ದು. ಖಾಲಿಯಿದ್ದಾಗಲೇ ಇದ್ದ ಅಡೆತಡೆ ಪೈಪಿನದು. ಈ ಸರಳ ಹೋಲಿಕೆಯಿಂದ ಎಳೆತದ ಅರ್ಧಕ್ಕರ್ಧ ದೂರುಗಳು ಇತ್ಯರ್ಥವಾಗುತ್ತವೆ.

ಬಟ್ಟಲು ಅತಿಯಾಗಿ ಕಾಯುವುದು

ಇದು ಬಹುತೇಕ ದೋಷವೇ ಅಲ್ಲ. ಬ್ರಿಯರ್ ಮರದ ಪೈಪಿನ ಗೋಡೆ ದಪ್ಪವಾಗಿದ್ದು ಶಾಖವನ್ನು ತಡೆಯುತ್ತದೆ. ಮಣ್ಣಿನ ಪೈಪಿನ ಗೋಡೆ ಎರಡು ಮೂರು ಮಿಲಿಮೀಟರ್ ಮಾತ್ರ ಇರುವುದರಿಂದ ಕೆಂಡದ ಶಾಖ ನೇರವಾಗಿ ಹೊರಗೆ ಬರುತ್ತದೆ. ಇದನ್ನು ಕೊಳವೆಯಿಂದ ಹಿಡಿಯಬೇಕು, ಅಥವಾ ಬಟ್ಟಲಿನ ಕೆಳಗೆ ಚಾಚಿಕೊಂಡಿರುವ ಕಾಲನ್ನು ಹಿಡಿಯಬೇಕು. ಉದ್ದ ಕೊಳವೆಯ ಪೈಪನ್ನು ಬಟ್ಟಲಿನ ಹತ್ತಿರವೇ ಹಿಡಿದು ಭಾರವನ್ನು ಹೊರಬೇಕೇ ಹೊರತು ಬಾಯಿತುದಿಯಲ್ಲಿ ಹಿಡಿದು ಎತ್ತಬಾರದು.

ಹೀಗೆ ಹಿಡಿದರೂ ತಾಳಲಾಗದಷ್ಟು ಕಾದರೆ ಮೂರು ಕಾರಣಗಳನ್ನು ಈ ಅನುಕ್ರಮದಲ್ಲೇ ನೋಡಬೇಕು. ದಮ್ಮು ಎಳೆಯುವ ವೇಗ ಮೊದಲನೆಯದು. ಕೆಂಡ ಆರದಿರುವಷ್ಟು ಮಾತ್ರ ಎಳೆದರೆ ಸಾಕು. ತಂಬಾಕಿನ ಜಾತಿ ಎರಡನೆಯದು. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನುಗಳಲ್ಲಿ ಬಿಸಿಗಾಳಿಯಿಂದ ಹದಮಾಡುವ ವರ್ಜೀನಿಯಾ ತಳಿಯ ಸೊಪ್ಪಿನಲ್ಲಿ ಸಕ್ಕರೆಯ ಅಂಶ ಹೆಚ್ಚು. ಇಂಥ ಸೊಪ್ಪು ಬೇಗ ಬೇಗ ಎಳೆದಾಗ ಬಹಳ ಬಿಸಿಯಾಗಿ ಉರಿಯುತ್ತದೆ, ನಾಲಿಗೆ ಕಚ್ಚುತ್ತದೆ. ನೆರಳಿನಲ್ಲಿ ಗಾಳಿಗೆ ಒಣಗಿಸಿದ ಬರ್ಲಿ ತಳಿಯಲ್ಲಿ ಸಕ್ಕರೆ ತೀರ ಕಡಿಮೆಯಿರುವುದರಿಂದ, ಎರಡನ್ನೂ ಬೆರೆಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮೂರನೆಯದು ಮಾತ್ರ ನಿಜವಾದ ದೋಷ: ಬಟ್ಟಲು ಸುತ್ತಲೂ ಸಮನಾಗಿ ಕಾಯದೆ ಒಂದೇ ಜಾಗದಲ್ಲಿ ಸುಡುತ್ತಿದ್ದರೆ ಅಲ್ಲಿ ಗೋಡೆ ತೆಳುವಾಗಿದೆ ಅಥವಾ ಬಿರುಕು ಬಿಟ್ಟಿದೆ. ತೆಳು ಗೋಡೆಗೆ ಪರಿಹಾರವಿಲ್ಲ. ಅಂಥ ಪೈಪನ್ನು ಅರ್ಧ ಬಟ್ಟಲಿಗಿಂತ ಹೆಚ್ಚು ತುಂಬದೆ ಸೇದಬಹುದು, ಇಲ್ಲವೆ ಸಂಗ್ರಹಕ್ಕೆ ಬಿಡಬಹುದು.

ಎಳೆತ ಬಿಗಿಯಾಗುವುದು, ನೀರಿನ ಸದ್ದು ಬರುವುದು

ಖಾಲಿ ಪೈಪಿನಲ್ಲೇ ಗಾಳಿ ಹಾಯದಿದ್ದರೆ ಕೊಳವೆಯೊಳಗೆ ಗಟ್ಟಿಯಾದ ಟಾರ್, ತಂಬಾಕಿನ ಚೂರು ಅಥವಾ ತಯಾರಿಕೆಯಲ್ಲಿ ಉಳಿದ ಮಣ್ಣಿನ ಕಣ ಇರುತ್ತದೆ. ಬ್ರಿಯರ್ ಪೈಪಿಗೆಂದು ಮಾರುವ ಪೈಪ್ ಕ್ಲೀನರ್ ಇಲ್ಲಿ ಹೊಂದುವುದಿಲ್ಲ. ಎರಡು ಮಿಲಿಮೀಟರಿಗಿಂತ ಕಿರಿದಾದ ರಂಧ್ರದಲ್ಲಿ ಅದನ್ನು ಒತ್ತಿ ತುರುಕಿದರೆ ನಡುವೆ ಸಿಕ್ಕಿಕೊಂಡು ದೋಷ ದುಪ್ಪಟ್ಟಾಗುತ್ತದೆ. ವೀಣೆಗೋ ಗಿಟಾರಿಗೋ ಹಾಕುವ ಉಕ್ಕಿನ ತಂತಿಯ ತುಂಡು ಸೂಕ್ತ. ಅದರ ತುದಿಯನ್ನು ಉಜ್ಜುಕಾಗದದಿಂದ ಮೊಂಡು ಮಾಡಿ, ಬಾಯಿತುದಿಯಿಂದ ತಿರುಗಿಸುತ್ತ ತೂರಿಸಬೇಕು. ತಂತಿ ತಡೆದ ಜಾಗವನ್ನು ಗುರುತುಮಾಡಿ ಹೊರತೆಗೆದು ಕೊಳವೆಯ ಪಕ್ಕದಲ್ಲಿಟ್ಟು ಅಳೆದರೆ ಅಡಚಣೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಬಟ್ಟಲಿಗೆ ತಾಗುವ ಕಡೆಯಲ್ಲಿದ್ದರೆ ಅದು ಹೆಚ್ಚಾಗಿ ಟಾರ್ ಇಲ್ಲವೆ ತಂಬಾಕಿನ ಚೂರು. ಹೊಸ ಪೈಪಿನಲ್ಲಿ ಕೊಳವೆಯ ನಡುವೆಯೇ ಇದ್ದರೆ ಅದು ಮಣ್ಣು, ಅದನ್ನು ಬಲವಂತವಾಗಿ ಒಡೆಯುವುದಕ್ಕಿಂತ ಮಾರಿದವರಿಗೆ ಹಿಂದಿರುಗಿಸುವುದು ಲೇಸು. ಟಾರನ್ನು ಕರಗಿಸಲೆಂದು ಸ್ಪಿರಿಟ್ ಸುರಿಯುವ ಅಭ್ಯಾಸ ಮರದ ಪೈಪಿನಿಂದ ಬಂದದ್ದು. ಮಣ್ಣು ಸ್ಪಿರಿಟನ್ನು ಹೀರಿಕೊಂಡು, ಕರಗಿದ ಟಾರನ್ನು ಗೋಡೆಯೊಳಕ್ಕೆ ಇನ್ನೂ ಆಳಕ್ಕೆ ಒಯ್ಯುತ್ತದೆ, ಸಾಲದ್ದಕ್ಕೆ ಬೆಂಕಿಯ ಅಪಾಯ ಬೇರೆ.

ತಂಬಾಕು ತುಂಬಿದ ಮೇಲೆ ಮಾತ್ರ ಎಳೆತ ಬಿಗಿಯಾಗುವುದಾದರೆ ಸೊಪ್ಪಿನ ತೇವ ಮತ್ತು ಒತ್ತಡವನ್ನು ನೋಡಬೇಕು. ಒಂದು ಚಿಟಿಕೆ ತಂಬಾಕನ್ನು ಬೆರಳುಗಳ ನಡುವೆ ಅದುಮಿ ಬಿಟ್ಟಾಗ ಅದು ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು, ಮೆಲ್ಲಗೆ ಬಿಚ್ಚಿಕೊಂಡರೆ ಹದ, ಪುಡಿಯಾದರೆ ಒಣಗಿಹೋಗಿದೆ. ಮರದ ಪೈಪಿಗಿಂತ ಸ್ವಲ್ಪ ಹೆಚ್ಚು ಒಣಗಿದ ಸೊಪ್ಪೇ ಮಣ್ಣಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬಟ್ಟಲಿನ ತಳಕ್ಕೆ ಸೊಪ್ಪನ್ನು ಒತ್ತದೆ ಉದುರಿಸಿ, ಮೇಲಕ್ಕೆ ಬಂದಂತೆ ಮಾತ್ರ ಬೆರಳಿನಿಂದ ಲಘುವಾಗಿ ಅದುಮಬೇಕು.

ಆರಂಭದಲ್ಲಿ ಸರಿಯಾಗಿದ್ದು ನಡುವೆ ಗೊಳಗೊಳ ಸದ್ದು ಬಂದರೆ ಕಾರಣ ಬೇರೆ. ಉರಿಯುವ ತಂಬಾಕಿನಿಂದ ಹೊರಟ ಆವಿ ಕಿರಿದಾದ ಕೊಳವೆಯಲ್ಲಿ ತಣಿದು ನೀರಾಗುತ್ತದೆ. ಒಣಗಿದ ಮಣ್ಣು ಆ ನೀರನ್ನು ಹೀರಿಕೊಳ್ಳುವುದರಿಂದ ದಿನದ ಮೊದಲ ಬಟ್ಟಲಿನಲ್ಲಿ ಸದ್ದು ಬರುವುದಿಲ್ಲ. ಗೋಡೆ ತೃಪ್ತಿಯಾಗಿ ಹೀರಿದ ಮೇಲೆ ನೀರು ರಂಧ್ರದಲ್ಲೇ ನಿಲ್ಲುತ್ತದೆ. ಹೀಗಾಗಿ ಎರಡನೆಯ ಅಥವಾ ಮೂರನೆಯ ಬಟ್ಟಲಿನಲ್ಲಿ ಮಾತ್ರ ಸದ್ದು ಬರುತ್ತಿದ್ದರೆ ಪೈಪಿಗೆ ವಿಶ್ರಾಂತಿ ಸಾಲದು ಎಂದರ್ಥ. ಮೊದಲ ಬಟ್ಟಲಿನಲ್ಲೇ ಬಂದರೆ ತಂಬಾಕು ಒದ್ದೆಯಾಗಿದೆ, ಇಲ್ಲವೆ ಪೈಪು ಹಿಂದಿನ ಬಳಕೆಯಿಂದ ಇನ್ನೂ ಒಣಗಿಲ್ಲ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದು ರಾತ್ರಿಯ ವಿಶ್ರಾಂತಿ ಸಾಕಾಗುವುದಿಲ್ಲ. ಅಲ್ಲಿ ಪೈಪನ್ನು ಓವನ್ನಿನಲ್ಲಿ ತಣ್ಣಗಿರುವಾಗಲೇ ಇಟ್ಟು, ನಿಧಾನವಾಗಿ ಸುಮಾರು 100 ಡಿಗ್ರಿಗೆ ಏರಿಸಿ, ಒಂದು ಗಂಟೆ ಬಿಟ್ಟು, ಒಳಗೇ ತಣಿಯಲು ಬಿಡುವುದು ಒಳ್ಳೆಯದು.

ಬಿರುಕು

ಮಣ್ಣಿನ ಪೈಪಿನ ದೋಷಗಳಲ್ಲಿ ಇದು ಅತಿ ಮುಖ್ಯವಾದದ್ದು. ಸೇದುವ ಪೈಪಿನಲ್ಲಿ ಇದಕ್ಕೆ ದುರಸ್ತಿಯೂ ಇಲ್ಲ. ಆದ್ದರಿಂದ ಬಿರುಕಿನ ಜಾಗ ಮತ್ತು ದಿಕ್ಕನ್ನು ಓದಿ ಕಾರಣ ತಿಳಿದುಕೊಳ್ಳುವುದು ಮುಂದಿನ ಪೈಪನ್ನು ಉಳಿಸಿಕೊಳ್ಳುವುದಕ್ಕಾಗಿ.

ಮೊದಲು ಅದು ಬಿರುಕೇ ಹೌದೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಟ್ಟಲಿನ ಮುಂದೆ ಮತ್ತು ಹಿಂದೆ, ಕೊಳವೆಯ ಮೇಲೆ ಮತ್ತು ಕೆಳಗೆ ಉದ್ದಕ್ಕೂ ಹರಿಯುವ ಗೆರೆ ಅಚ್ಚಿನ ಎರಡು ಭಾಗಗಳು ಕೂಡಿದ ಗುರುತು. ಅದು ಉಗುರಿಗೆ ಏಣಾಗಿ ಸಿಗುತ್ತದೆ, ಬಿರುಕಿನಂತೆ ತಗ್ಗಾಗಿರುವುದಿಲ್ಲ. 17ನೇ ಶತಮಾನದ ಪೈಪುಗಳಲ್ಲಿ ಬಟ್ಟಲಿನ ಅಂಚಿಗೆ ತುಸು ಕೆಳಗೆ ಸುತ್ತಲೂ ಇರುವ ಚಿಕ್ಕ ಚಿಕ್ಕ ಕಚ್ಚುಗಳ ಸಾಲು ಅಲಂಕಾರ. ಗೌಡಾದ ಉತ್ತಮ ದರ್ಜೆಯ ಪೈಪುಗಳನ್ನು ಸುಡುವ ಮೊದಲು ನಯವಾದ ಕಲ್ಲಿನಿಂದ ತೀಡಿ ಹೊಳಪು ಕೊಡುತ್ತಿದ್ದರು. ಆ ತೀಡಿದ ಪಟ್ಟಿಗಳು ಕೊಳವೆಯ ಉದ್ದಕ್ಕೆ ಮಿನುಗುವುದನ್ನು ಕಂಡು ಸೀಳಿದೆ ಎಂದು ಭಾವಿಸುವವರಿದ್ದಾರೆ. ಅನುಮಾನ ಉಳಿದರೆ ಒದ್ದೆ ಬಟ್ಟೆಯಿಂದ ಆ ಜಾಗವನ್ನು ಒಮ್ಮೆ ಒರೆಸಿ ಭೂತಗನ್ನಡಿಯಲ್ಲಿ ನೋಡುತ್ತಿರಬೇಕು. ಸುತ್ತಲಿನ ಮೈ ಒಣಗಿ ಬಿಳಿಯಾಗುತ್ತ ಬಂದಾಗ ನಿಜವಾದ ಬಿರುಕು ಒಳಗೆ ಹಿಡಿದ ನೀರಿನಿಂದಾಗಿ ಇನ್ನಷ್ಟು ಹೊತ್ತು ಕಪ್ಪು ಗೆರೆಯಾಗಿಯೇ ನಿಲ್ಲುತ್ತದೆ. ಈಗಾಗಲೇ ಸೇದಿದ ಪೈಪಾದರೆ ಇದೂ ಬೇಕಿಲ್ಲ: ಬಿರುಕಿನ ಎರಡೂ ದಂಡೆಗಳಲ್ಲಿ ಕಂದು ಬಣ್ಣದ ಟಾರ್ ಒಸರಿ ಅಂಚು ಕಟ್ಟಿರುತ್ತದೆ.

ಅಂಚಿನಿಂದ ನೇರ ಕೆಳಗಿಳಿದ ಬಿರುಕು ಶಾಖದ ಏಟಿನಿಂದ ಆದದ್ದು. ಜೆಟ್ ಲೈಟರಿನ ಜ್ವಾಲೆಯನ್ನು ಅಂಚಿನ ಒಂದೇ ಜಾಗಕ್ಕೆ ಹಿಡಿದಾಗ ಅಷ್ಟು ಭಾಗ ಮಾತ್ರ ಹಿಗ್ಗಿ, ಪಕ್ಕದ ತಣ್ಣನೆಯ ಮಣ್ಣು ಹಿಗ್ಗದೆ ಸೀಳುತ್ತದೆ. ಬೆಂಕಿಕಡ್ಡಿಯ ಜ್ವಾಲೆಯನ್ನು ತಂಬಾಕಿನ ಮೇಲೆ ಸುತ್ತಾಡಿಸಿದರೆ ಈ ತೊಂದರೆ ಬರುವುದಿಲ್ಲ. ಬೂದಿ ಕೆಡವಲು ಬಟ್ಟಲನ್ನು ಮೇಜಿಗೆ ಬಡಿದವರ ಪೈಪಿನಲ್ಲೂ ಇದೇ ಬಗೆಯ ಬಿರುಕು ಕಾಣುತ್ತದೆ, ಆದರೆ ಅಲ್ಲಿ ಅಂಚಿನಲ್ಲಿ ಒಂದು ಚಕ್ಕೆಯೂ ಎದ್ದಿರುತ್ತದೆ. ಬೂದಿಯನ್ನು ಬಡಿದು ಕೆಡವದೆ ಚಿಕ್ಕ ಚಮಚದಿಂದ ತೆಗೆಯಬೇಕು.

ಬಟ್ಟಲಿನ ತಳದಲ್ಲಿ, ಕಾಲಿನ ಸುತ್ತ ಜೇಡರ ಬಲೆಯಾಗಿ ಹರಡಿದ ಸಣ್ಣ ಬಿರುಕುಗಳಿದ್ದರೆ ತೇವದ ಕೈವಾಡವನ್ನು ಸಂದೇಹಿಸಬೇಕು. ಇಲ್ಲಿ ಮಣ್ಣು ಎಲ್ಲಕ್ಕಿಂತ ದಪ್ಪ, ಹೀಗಾಗಿ ಕೊನೆಗೆ ಒಣಗುವ ಜಾಗವೂ ಇದೇ. ನೀರಿನಲ್ಲಿ ತೊಳೆದ ಪೈಪನ್ನು ಮೇಲೆ ಒಣಗಿದಂತೆ ಕಂಡೊಡನೆ ಸೇದಿದರೆ ಒಳಗಿನ ನೀರು ಆವಿಯಾಗಿ, ಹೊರಹೋಗಲು ದಾರಿ ಸಾಲದೆ ಮಣ್ಣನ್ನು ಒಡೆಯುತ್ತದೆ. ಬಿಸಿ ಪೈಪನ್ನು ಒದ್ದೆಯಾದ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟಾಗಲೂ ಕಾಲಿನ ಬಳಿಯೇ ಬಿರುಕು ಬರುತ್ತದೆ, ಆದರೆ ಅದು ಬಲೆಯಾಗಿರದೆ ಅಡ್ಡಲಾದ ಒಂದೇ ಗೆರೆಯಾಗಿರುತ್ತದೆ.

ಬಟ್ಟಲು ಮತ್ತು ಕೊಳವೆ ಕೂಡುವ ಕೊರಳಿನಲ್ಲಿ ಉಂಗುರವಾಗಿ ಬಂದ ಬಿರುಕಿಗೂ ಶಾಖಕ್ಕೂ ಸಂಬಂಧವಿಲ್ಲ. ಅದು ಭಾರದಿಂದ, ಅಂದರೆ ಬಾಯಿತುದಿಯಲ್ಲಿ ಹಲ್ಲಿನಿಂದ ಕಚ್ಚಿ ಹಿಡಿದದ್ದರಿಂದ, ಅಥವಾ ಕೆಂಡವನ್ನು ಅದುಮುವಾಗ ಬಟ್ಟಲಿಗೆ ಕೈಯಾಸರೆ ಕೊಡದೆ ಟ್ಯಾಂಪರ್ ಎಂಬ ಅದುಮುಕಡ್ಡಿಯಿಂದ ಒತ್ತಿದ್ದರಿಂದ ಆಗುತ್ತದೆ. ಇನ್ನು ಅಚ್ಚಿನ ಗೆರೆಯನ್ನೇ ಹಿಡಿದು ಉದ್ದಕ್ಕೂ ಸೀಳಿದ ಪೈಪಿನಲ್ಲಿ ತಪ್ಪು ತಯಾರಿಕೆಯದೇ: ಮಣ್ಣು ಅದುಮುವಾಗ ಅಲ್ಲಿ ಬೆಸೆದಿರಲಿಲ್ಲ.

ಒಳಗೋಡೆಗೆ ಇದ್ದಿಲಿನ ಪದರ ಕಟ್ಟಲು ಬಿಡುವುದು ಬ್ರಿಯರ್ ಪೈಪಿನಲ್ಲಿ ರೂಢಿ. ಮಣ್ಣಿನಲ್ಲಿ ಇದು ಕೂಡದು. ಆ ಪದರವೂ ಮಣ್ಣೂ ಶಾಖಕ್ಕೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ದಪ್ಪ ಪದರ ಒಳಗಿನಿಂದ ಗೋಡೆಯನ್ನು ನೂಕುತ್ತದೆ.

ತುಟಿಗೆ ಅಂಟುವುದು, ರುಚಿ ಕೆಡುವುದು

ಬಾಯಿತುದಿ ತುಟಿಯ ತೇವವನ್ನು ಹೀರುವುದರಿಂದ ಅಂಟುತ್ತದೆ, ಬಲವಾಗಿ ಎಳೆದರೆ ತುಟಿಯ ಚರ್ಮ ಕೀಳುತ್ತದೆ. ಸೇದುವ ಮೊದಲು ತುದಿಯನ್ನು ನೀರಿನಲ್ಲಿ ಅದ್ದುವುದು ತಾತ್ಕಾಲಿಕ ಉಪಾಯ. ಶುದ್ಧ ಜೇನುಮೇಣವನ್ನು ಕರಗಿಸಿ, ರಂಧ್ರಕ್ಕೆ ತಂತಿಯಿಟ್ಟು, ತುದಿಯ ಎರಡು ಮೂರು ಸೆಂಟಿಮೀಟರ್ ಭಾಗವನ್ನು ಒಮ್ಮೆ ಅದ್ದಿ ತೆಗೆಯುವುದು ಬಾಳುವ ಉಪಾಯ. ಹಿಂದೆ ಅರಗನ್ನೂ, ಬಣ್ಣದ ಗ್ಲೇಜನ್ನೂ ಇದಕ್ಕೇ ಬಳಸುತ್ತಿದ್ದರು. ಹಳೆಯ ಪೈಪಿನ ತುದಿಯಲ್ಲಿ ಹಸಿರು, ಹಳದಿ ಅಥವಾ ಕಂದು ಬಣ್ಣದ ಗಾಜಿನಂಥ ಲೇಪ ಕಂಡರೆ ಅದರಲ್ಲಿ ಸೀಸ ಇರಬಹುದೆಂದೇ ತಿಳಿದು ಬಾಯಿಗೆ ಇಡಬಾರದು.

ಹೊಸ ಪೈಪಿನ ಮಣ್ಣಿನ ವಾಸನೆ ಮೊದಲ ಕೆಲವು ಬಟ್ಟಲುಗಳಲ್ಲಿ ತಾನೇ ಹೋಗುತ್ತದೆ. ಹಳೆಯ ಪೈಪಿನ ಕಹಿ ಹಾಗೆ ಹೋಗುವುದಿಲ್ಲ, ಅದು ಗೋಡೆಯೊಳಗಿನ ಟಾರಿನದು. ಹೊರಮೈ ಕಂದಾಗುವುದು ದೋಷವಲ್ಲ. ಫ್ರಾನ್ಸಿನಲ್ಲಿ, ಜಿವೆ ಪಟ್ಟಣದ ಗಾಂಬಿಯೆ ಕಾರ್ಖಾನೆಯ ಮುಖಾಕೃತಿಯ ಪೈಪುಗಳನ್ನು ನಿಧಾನವಾಗಿ ಸೇದಿ ಬಣ್ಣ ಬರಿಸುವುದೇ ಒಂದು ಪರಿಣತಿ ಎನಿಸಿತ್ತು. ಆ ಕಾರ್ಖಾನೆ 1926ರಲ್ಲಿ ಮುಚ್ಚಿತು. ಬಣ್ಣ ಒಂದು ಬದಿಗೆ ಮಾತ್ರ ಏರಿದ್ದರೆ ಅಲ್ಲಿ ಗೋಡೆ ತೆಳುವಾಗಿದೆ ಎಂದು ಓದಿಕೊಳ್ಳಬಹುದು.

ಕಹಿ ತೆಗೆಯಲು ಬೆಂಕಿಯೇ ಸರಿಯಾದ ಮಾರ್ಗ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬಳಸಿದ ಪೈಪುಗಳನ್ನು ಕಬ್ಬಿಣದ ಸರಳುಗಳ ಚೌಕಟ್ಟಿನಲ್ಲಿ ಜೋಡಿಸಿ ಬೆಂಕಿಗೆ ಒಡ್ಡಿ ಮತ್ತೆ ಬಿಳಿಯಾಗಿಸುತ್ತಿದ್ದರು. ಅಡುಗೆಮನೆಯ ಓವನ್ನಿನ 250 ಡಿಗ್ರಿ ಇದಕ್ಕೆ ಸಾಲದು. ಟಾರ್ ಹೊಗೆಯಾಡುತ್ತದೆ, ಉಳಿದ ಇಂಗಾಲ ಸುಡುವುದಿಲ್ಲ. ಗ್ಯಾಸ್ ಒಲೆಯ ಜ್ವಾಲೆ ಒಂದೇ ಕಡೆ ಕಾಯಿಸುವುದರಿಂದ ಬಿರುಕು ಖಚಿತ. ಪರಿಚಯದ ಸೆರಾಮಿಕ್ ಸ್ಟುಡಿಯೊದಲ್ಲಿ ವಿದ್ಯುತ್ ಗೂಡಿದ್ದರೆ, ಪೂರ್ತಿ ಒಣಗಿದ ಪೈಪನ್ನು ಗಾಳಿಕಿಂಡಿ ತೆರೆದಿಟ್ಟು ನಿಧಾನವಾಗಿ 600ರಿಂದ 650 ಡಿಗ್ರಿಗೆ ಏರಿಸಿ, ಒಂದು ಗಂಟೆ ಅಲ್ಲಿಯೇ ನಿಲ್ಲಿಸಿ, ರಾತ್ರಿಯಿಡೀ ತಣಿಯಲು ಬಿಡಬೇಕು. ಮಣ್ಣಿನಲ್ಲಿರುವ ಸ್ಫಟಿಕಶಿಲೆಯ ಕಣಗಳು 573 ಡಿಗ್ರಿಯಲ್ಲಿ ರಚನೆ ಬದಲಿಸಿ ಒಮ್ಮೆಗೇ ಗಾತ್ರ ಬದಲಿಸುತ್ತವೆ. ಏರುವಾಗಲೂ ಇಳಿಯುವಾಗಲೂ ಈ ಹಂತವನ್ನು ಆತುರವಿಲ್ಲದೆ ದಾಟಬೇಕು. ಪೈಪು ಬಿಳಿಯಾಗದೆ ಬೂದುಬಣ್ಣದಲ್ಲಿ ಹೊರಬಂದರೆ ಗೂಡಿನಲ್ಲಿ ಗಾಳಿ ಸಾಲದೆ ಇಂಗಾಲ ಉಳಿದಿದೆ ಎಂದರ್ಥ, ಮತ್ತೊಮ್ಮೆ ಸುಟ್ಟರೆ ಹೋಗುತ್ತದೆ. ಬಣ್ಣ ಬಳಿದ, ಗ್ಲೇಜ್ ಇರುವ, ಅಂಟಿಸಿದ ಪೈಪುಗಳನ್ನು ಹೀಗೆ ಸುಡಬಾರದು. ಗೌಡಾದಲ್ಲಿ 20ನೇ ಶತಮಾನದಲ್ಲಿ ತೆಳು ಮಣ್ಣನ್ನು ಅಚ್ಚಿಗೆ ಸುರಿದು ಮಾಡಿದ ಜೋಡಿಗೋಡೆಯ ಪೈಪುಗಳನ್ನೂ ಸುಡಬಾರದು. ಅವುಗಳ ಎರಡು ಗೋಡೆಗಳ ನಡುವಿನ ಟೊಳ್ಳಿನಲ್ಲಿ ತೇವ ಸಿಕ್ಕಿಕೊಂಡಿರುತ್ತದೆ.

ಸಂಗ್ರಹದ ಪೈಪುಗಳ ದೋಷಗಳು

ನೆಲದಿಂದಲೋ ನದೀತೀರದಿಂದಲೋ ಬಂದ ಪೈಪನ್ನು ಸೇದುವ ಯೋಚನೆಯನ್ನೇ ಬಿಡಬೇಕು. ರಂಧ್ರಮಯವಾದ ಮಣ್ಣು ಶತಮಾನಗಳ ಕಾಲ ಸುತ್ತಲಿನ ಕೊಳೆನೀರಿನಲ್ಲಿದ್ದದ್ದನ್ನೆಲ್ಲ ಹೀರಿಕೊಂಡಿರುತ್ತದೆ, ಮೇಲಿನ ತೊಳೆತದಿಂದ ಅದು ಹೋಗುವುದಿಲ್ಲ.

ಇಂಥ ಪೈಪಿನ ಮೈಮೇಲೆ ಬಿಳಿ ಪುಡಿ ಎದ್ದರೆ, ಅದು ಮಣ್ಣಿನ ಪುಡಿಯೋ ಉಪ್ಪೋ ಎಂಬುದನ್ನು ತಿಳಿಯಬೇಕು. ಪುಡಿಯನ್ನು ಒಂದು ಹನಿ ನೀರಿಗೆ ಹಾಕಿದಾಗ ಕರಗಿದರೆ ಉಪ್ಪು. ಗಾಳಿಯಲ್ಲಿ ತೇವ ಏರಿದಾಗ ಈ ಉಪ್ಪು ಕರಗಿ, ಇಳಿದಾಗ ಮೈಯ ಕೆಳಗೇ ಹರಳುಗಟ್ಟಿ ಪದರವನ್ನು ಎಬ್ಬಿಸುತ್ತದೆ. ಮಂಗಳೂರಿನ ಮಳೆಗಾಲ ಮತ್ತು ಬೇಸಿಗೆಯ ನಡುವಿನ ಏರಿಳಿತದಲ್ಲಿ ಇದು ಬೇಗ ಮುಂದುವರಿಯುತ್ತದೆ. ಪೈಪನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಟ್ಟು ದಿನವೂ ನೀರು ಬದಲಿಸಬೇಕು. ಎಲ್ಲಿಯವರೆಗೆ ಎಂಬುದನ್ನು ಅಳೆಯಲು ಮನೆಯ ನೀರಿನ ಫಿಲ್ಟರಿಗೆಂದು ಕೊಂಡ, ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರೇ ಸಾಕು: ಹೊಸ ನೀರಿನ ಅಂಕಿಯನ್ನು ಬರೆದಿಟ್ಟು, ಮರುದಿನ ಬದಲಿಸುವ ಮುಂಚೆ ಮತ್ತೆ ಅಳೆದು, ಎರಡರ ನಡುವೆ ಅಂತರ ಕಾಣದಾದಾಗ ನಿಲ್ಲಿಸಿ ನೆರಳಿನಲ್ಲಿ ಒಣಗಿಸಬೇಕು. ಪದರ ಈಗಾಗಲೇ ಉದುರುತ್ತಿದ್ದರೆ ಮಾತ್ರ ನೀರಿಗೆ ಹಾಕದೆ ವಸ್ತುಸಂರಕ್ಷಣೆ ಬಲ್ಲವರಿಗೆ ತೋರಿಸಬೇಕು. ತುಕ್ಕಿನ ಕಲೆಯನ್ನು ಟಾಯ್ಲೆಟ್ ತೊಳೆಯುವ ಆಮ್ಲದಿಂದ ತೆಗೆಯಲು ಹೋಗಬಾರದು. ಆಮ್ಲ ಮಣ್ಣಿನೊಳಗೆ ಉಳಿದು ಹೊಸ ಉಪ್ಪುಗಳನ್ನು ಹುಟ್ಟಿಸುತ್ತದೆ. ತುಕ್ಕಿನ ಕಲೆಯಿರುವ ಪೈಪನ್ನು ಸುಟ್ಟರೆ ಕಲೆ ಕೆಂಪಾಗಿ ಶಾಶ್ವತವಾಗುತ್ತದೆ.

ಕಾಲಮಾನ ಹೊಂದದಿರುವುದು ಇನ್ನೊಂದು ಸಾಮಾನ್ಯ ದೂರು. 1954ರಲ್ಲಿ ಪುರಾತತ್ತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ ಅವರು ಅಮೆರಿಕದಲ್ಲಿ ಉತ್ಖನನದಿಂದ ದೊರೆತ ಇಂಗ್ಲಿಷ್ ಪೈಪುಗಳ ಕೊಳವೆಯ ರಂಧ್ರವನ್ನು ಅಂಗುಲದ 64ನೇ ಭಾಗಗಳಲ್ಲಿ ಅಳೆದು, ಕಾಲ ಕಳೆದಂತೆ ರಂಧ್ರ ಕಿರಿದಾಗುತ್ತ ಬಂದುದನ್ನು ತೋರಿಸಿದರು: 1650ರಿಂದ 1680ರ ನಡುವೆ 7/64, 1710ರಿಂದ 1750ರ ನಡುವೆ 5/64, 1750ರ ಬಳಿಕ 4/64 ಹೆಚ್ಚು. ಇನ್ನೊಬ್ಬ ಪುರಾತತ್ತ್ವಜ್ಞ ಲೂಯಿಸ್ ಬಿನ್‌ಫೋರ್ಡ್ ಅವರು ಇದನ್ನು 1931.85ರಿಂದ, ಸರಾಸರಿ ರಂಧ್ರವನ್ನು 38.26ರಿಂದ ಗುಣಿಸಿ ಬಂದುದನ್ನು ಕಳೆಯುವ ಸೂತ್ರವಾಗಿಸಿದರು. ಸರಾಸರಿ 5 (ಅಂದರೆ 5/64 ಅಂಗುಲ) ಆದರೆ ಉತ್ತರವಾಗಿ ಬರುವ ಇಸವಿ ಸುಮಾರು 1740. ಇಲ್ಲಿ ಸರಾಸರಿ ಎಂಬ ಮಾತೇ ಮುಖ್ಯ. ಒಂದೇ ಜಾಗದಲ್ಲಿ ದೊರೆತ ಹಲವಾರು ತುಂಡುಗಳಿಗೆ ಅನ್ವಯಿಸುವ ಸೂತ್ರವನ್ನು ಕೈಯಲ್ಲಿರುವ ಒಂದೇ ಪೈಪಿಗೆ ಹಚ್ಚಿದರೆ ಉತ್ತರ ದಶಕಗಟ್ಟಲೆ ತಪ್ಪುತ್ತದೆ, 18ನೇ ಶತಮಾನದ ಕೊನೆಯ ಬಳಿಕದ ಪೈಪುಗಳಿಗಂತೂ ಅದು ಹೊಂದುವುದೇ ಇಲ್ಲ. ಒಂಟಿ ಪೈಪಿಗೆ ಬಟ್ಟಲಿನ ಆಕಾರವೇ ಉತ್ತಮ ಸಾಕ್ಷಿ: ತಂಬಾಕು ದುಬಾರಿಯಾಗಿದ್ದ ಮೊದಲ ದಶಕಗಳಲ್ಲಿ ಬಟ್ಟಲು ಬಹಳ ಚಿಕ್ಕದು ಮತ್ತು ಮುಂದಕ್ಕೆ ಬಾಗಿದ್ದು, ಬರಬರುತ್ತ ದೊಡ್ಡದಾಗಿ ನೆಟ್ಟಗಾಯಿತು. ಕಾಲಿನ ಎರಡು ಬದಿಗಳಲ್ಲಿ ಅಕ್ಷರಗಳಿದ್ದರೆ, ಸೇದುವವರ ಎಡಕ್ಕೆ ಬರುವುದು ತಯಾರಕರ ಹೆಸರಿನ ಮೊದಲಕ್ಷರ, ಬಲಕ್ಕೆ ಬರುವುದು ಮನೆತನದ್ದು. ಇಂಗ್ಲೆಂಡ್ ಎಂಬಂತೆ ದೇಶದ ಹೆಸರೇ ಒತ್ತಿದ್ದರೆ, ಆಮದು ವಸ್ತುಗಳ ಮೇಲೆ ಮೂಲದೇಶವನ್ನು ನಮೂದಿಸಬೇಕೆಂದು ಅಮೆರಿಕ 1890ರ ಸುಂಕ ಕಾಯಿದೆಯಲ್ಲಿ ವಿಧಿಸಿದ ಬಳಿಕದ್ದೆಂದು ಹೆಚ್ಚಾಗಿ ತಿಳಿಯಬಹುದು.

ಲಂಡನ್ನಿನಲ್ಲಿ ನೆಲೆಸಿದ ಕನ್ನಡಿಗರು ಥೇಮ್ಸ್ ನದಿಯ ಇಳಿತದ ಹೊತ್ತಿನಲ್ಲಿ ದಂಡೆಯ ಮೇಲೆ ಬಿಳಿ ಕೊಳವೆಯ ತುಂಡುಗಳನ್ನು ಕಂಡಿರುತ್ತಾರೆ. ಅಲ್ಲಿ ಹುಡುಕಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು, 300 ವರ್ಷಕ್ಕಿಂತ ಹಳೆಯದು ಸಿಕ್ಕರೆ ವರದಿ ಮಾಡಬೇಕು, ಮತ್ತು ನೆಲದಿಂದ ದೊರೆತ 50 ವರ್ಷ ಮೀರಿದ ಪುರಾತನ ವಸ್ತುವನ್ನು ಊರಿಗೆ ತರುವುದಾದರೆ ರಫ್ತು ಪರವಾನಗಿಯೂ ಬೇಕು. ದಾಖಲೆಯಿಲ್ಲದೆ ಕೈಸೇರಿದ ಪೈಪಿನಲ್ಲಿ ಸಿಕ್ಕ ಜಾಗದ ಮಾಹಿತಿ ಕಳೆದುಹೋಗಿರುತ್ತದೆ, ಆ ದೋಷವನ್ನು ಯಾವ ಪರೀಕ್ಷೆಯೂ ಸರಿಪಡಿಸದು.

ಕೊನೆಯದಾಗಿ ಅಂಟಿಸಿದ ಕೊಳವೆಯ ವಿಷಯ. ಪೂರ್ತಿ ಉದ್ದದ ಹಳೆಯ ಪೈಪೆಂದು ಮಾರುವುದರಲ್ಲಿ ಎರಡು ಬೇರೆ ಪೈಪುಗಳ ತುಂಡುಗಳನ್ನು ಜೋಡಿಸಿದ್ದೂ ಇರುತ್ತದೆ. ಕೊಳವೆ ಬಟ್ಟಲಿನಿಂದ ಬಾಯಿತುದಿಯವರೆಗೆ ಸಮನಾಗಿ ಸಣ್ಣದಾಗುತ್ತ ಹೋಗಬೇಕು. ನಡುವೆ ದಪ್ಪ ಒಮ್ಮೆಗೇ ಬದಲಾದರೆ, ಅಥವಾ ಅತಿನೇರಳೆ ಟಾರ್ಚಿನ ಬೆಳಕಿನಲ್ಲಿ ಒಂದು ಉಂಗುರ ಮಾತ್ರ ಬೇರೆ ಬಣ್ಣದಲ್ಲಿ ಹೊಳೆದರೆ ಅಲ್ಲಿ ಅಂಟಿದೆ. ನಿಮ್ಮದೇ ಮುರಿದ ಪೈಪನ್ನು ಅಂಟಿಸುವುದಾದರೆ, ಮತ್ತೆ ಬಿಡಿಸಲಾಗದ ಎಪಾಕ್ಸಿಗಿಂತ, ಅಸಿಟೋನಿನಲ್ಲಿ ಕರಗುವ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ವಸ್ತುಸಂಗ್ರಹಾಲಯಗಳವರು ಮೆಚ್ಚುತ್ತಾರೆ. ಇದು ಸುಮಾರು 40 ಡಿಗ್ರಿಯಲ್ಲಿ ಮೆದುವಾಗತೊಡಗುತ್ತದೆ ಎಂಬುದನ್ನು ರಾಯಚೂರು, ಕಲಬುರಗಿಯ ಕಡೆಯವರು ಮರೆಯಬಾರದು. ಅಲ್ಲಿಯ ಬೇಸಿಗೆಯ ಮಧ್ಯಾಹ್ನ ಗೋಡೆಗೆ ತೂಗುಹಾಕಿದ ಪೈಪಿನ ಬೆಸುಗೆ ತನ್ನ ಭಾರಕ್ಕೇ ಜಗ್ಗಿ ಬಾಗುತ್ತದೆ. ಹಾಗೆ ಬಾಗಿದ ಕೊಳವೆಯನ್ನು ನೆಟ್ಟಗೆ ಮಾಡಲು ಒತ್ತದೆ, ಬೆಸುಗೆಯ ಸುತ್ತ ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಸುತ್ತಿ ಬಿಡಿಸಿ, ಎರಡೂ ಮುಖಗಳನ್ನು ಒರೆಸಿ, ಹೊಸದಾಗಿ ಅಂಟಿಸಿ, ಅಸಿಟೋನ್ ಪೂರ್ತಿ ಆರುವವರೆಗೆ ಮರಳಿನ ತಟ್ಟೆಯಲ್ಲಿ ಆನಿಸಿಡಬೇಕು. ಆಮೇಲೆ ಉದ್ದಕ್ಕೂ ಆಸರೆ ಸಿಗುವಂತೆ ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿ, ಬಿಸಿಲು ಬೀಳುವ ಗೋಡೆಯಿಂದ ದೂರ, ಮನೆಯ ತಂಪಾದ ಕೋಣೆಯ ಕೆಳಗಿನ ಅರೆಯಲ್ಲಿ ಇಡಬೇಕು.